ಡಾಕ್ಟರ್ ಪಾರ್ಡಿ ತಾವೇ ಬರೆದ ಪತ್ರ

ನ್ಯೂಫೌಂಡ್‌ಲ್ಯಾಂಡ್,
ಮೇ 11, ಸೋಮವಾರ

ಪ್ರಿಯ ಕ್ಲೇಟನ್,

ಆಲ್ಬರ್ಟಾದಲ್ಲಿ ಇನ್ನೂ ಹಿಮ ಬೀಳುತ್ತಿದೆಯಂತೆ, ನಿನ್ನ ಮಗಳು ಪಾಲಿ ಹೇಳಿದಳು. ನಿನ್ನ ಜೊತೆ ಫೋನಿನಲ್ಲಿ ಮಾತಾಡಿದ ದಿನ ಅವಳಿಗೆ ಊಟ ಚೆನ್ನಾಗಿ ಸೇರುತ್ತದೆ. ನಾವಿಬ್ಬರು ಮಾತಾಡಿದರೆ ಎರಡನೇ ನಿಮಿಷಕ್ಕೇ ಜಗಳ. ಅದಕ್ಕೇ ಈ ಕಾಗದ.

ನನಗೆ ಮೆಡಿಕಲ್ ಸೀಟು ಸಿಕ್ಕಿದೆ. ಆಗಸ್ಟಿನಲ್ಲಿ ನಾನೂ ಪಾಲಿಯೂ ಸೇಂಟ್ ಜಾನ್ಸ್ ನಗರಕ್ಕೆ ಹೋಗುತ್ತೇವೆ. ಇದನ್ನು ನೀನು ಊರವರ ಬಾಯಿಂದ ಕೇಳುವುದು ಬೇಡ ಎನಿಸಿತು.

ಮನೆ ಬಿಟ್ಟು ಹೋಗುವ ವಾರ ನೀನು ಅಡುಗೆಮನೆಯಲ್ಲಿ ನಿಂತು, "ಆಂಬುಲೆನ್ಸ್ ಓಡಿಸೋಳನ್ನ ಡಾಕ್ಟ್ರು ಮಾಡಿ ಅಂತ ಯಾರೇ ಬರ್ಕೊಡ್ತಾರೆ? ಕಡಲಹಕ್ಕಿಗಳಾ?" ಎಂದಿದ್ದೆ. ಆ ಮಾತು ಮೂರು ವರ್ಷ ನನ್ನನ್ನು ಕಾಡಿತು, ಯಾಕೆಂದರೆ ಅದು ಪೂರ್ತಿ ಸುಳ್ಳಾಗಿರಲಿಲ್ಲ. ಅಂಕ ತೆಗೆಯುವುದು ನನ್ನ ಕೈಯಲ್ಲಿತ್ತು, ತೆಗೆದೆ. ಕಾಲೇಜಿನ ಇಬ್ಬರು ಮೇಷ್ಟ್ರು ಶಿಫಾರಸು ಪತ್ರ ಕೊಡಲು ಒಪ್ಪಿದರು. ಮೂರನೆಯದನ್ನು ನನ್ನ ಕೆಲಸವನ್ನು ಕಣ್ಣಾರೆ ಕಂಡ ಡಾಕ್ಟರೇ ಬರೆಯಬೇಕಿತ್ತು. ನಮ್ಮೂರಿನಲ್ಲಿ ಇರುವವರು ಒಬ್ಬರೇ, ಡಾಕ್ಟರ್ ಪಾರ್ಡಿ.

ಯಾರಿಗೂ ಹೇಳದೆ ಇಟ್ಟುಕೊಂಡ ಸಂಗತಿಯೊಂದಿದೆ, ಈಗ ಹೇಳಬಹುದು. ನೀನು ಹೋದ ಮೇಲಿನ ಚಳಿಗಾಲದಲ್ಲಿ ಏಡಿ ಹಿಡಿಯುವವನೊಬ್ಬನನ್ನು ಎದೆ ಉರಿಯೆಂದು ಆಸ್ಪತ್ರೆಗೆ ಕರೆತಂದಿದ್ದೆ. ಪಾರ್ಡಿ ಇಸಿಜಿ ನೋಡಿ, ಅಜೀರ್ಣ, ವಾಪಸ್ ಕರೆದುಕೊಂಡು ಹೋಗು ಎಂದರು. ಅವನ ಮುಖದ ಬಣ್ಣ ನನಗೆ ಸರಿಕಾಣಲಿಲ್ಲ. ಬಾಗಿಲಿಗೆ ಅಡ್ಡ ನಿಂತು, ನರ್ಸುಗಳೆಲ್ಲ ನೋಡುತ್ತಿರುವಾಗಲೇ, "ಇನ್ನೊಂದ್ಸಲ ಇಸಿಜಿ ತೆಗೀರಿ. ಅಲ್ಲೀವರೆಗೂ ನಾನು ಗಾಡಿ ತೆಗೆಯಲ್ಲ" ಎಂದುಬಿಟ್ಟೆ. ಸಿಟ್ಟಿನಿಂದಲೇ ತೆಗೆಸಿದರು. ಹೃದಯಾಘಾತ. ಮನುಷ್ಯ ಬದುಕಿದ. ಅಂದಿನಿಂದ ಪಾರ್ಡಿ ನನ್ನ ಹತ್ತಿರ ಕೆಲಸಕ್ಕೆ ಬೇಕಾದಷ್ಟೇ ಮಾತಾಡುತ್ತಿದ್ದರು.

ಅಂಥವರ ಮುಂದೆ ಹೋಗಿ ನಿಲ್ಲಬೇಕು. ಮೂರು ಸಲ ಅವರ ಕೋಣೆಯವರೆಗೆ ಹೋಗಿ, ಏನೋ ಮರೆತವಳಂತೆ ತಿರುಗಿ ಬಂದೆ. ನಾಲ್ಕನೇ ಸಲ ಕೇಳಿದೆ. ತಲೆ ಎತ್ತದೆಯೇ, "ನಂಗೆ ಪುರುಸೊತ್ತಿಲ್ಲ. ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ" ಎಂದರು.

ಬರೆದೆ. ಶ್ರದ್ಧೆ, ಸಮಯಪಾಲನೆ, ರೋಗಿಗಳ ಮೇಲಿನ ಕರುಣೆ, ಎಲ್ಲ ಹಾಕಿದೆ. ಆ ದಿನದ್ದನ್ನು ಮಾತ್ರ ಬಿಟ್ಟೆ. ಅವರಿಗೆ ಮುಜುಗರವಾಗಬಾರದು ಎಂದು ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಸಹಿ ಹಾಕದೆ ಹೋದಾರೆಂಬ ಭಯ.

ಅವರು ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು.

"ಇದ್ಯಾರು?"

"ನಾನೇ, ಡಾಕ್ಟ್ರೇ."

"ಇಂಥೋರು ಊರಿಗೆ ಹತ್ತು ಜನ ಸಿಗ್ತಾರೆ. ಆ ಏಡಿ ಹಿಡಿಯೋನ ವಿಷಯ ಎಲ್ಲಿ?"

ನಾನು ಬಾಗಿಲ ಕಡೆ ನೋಡಿದೆ.

"ನನ್ನ ಮರ್ಯಾದೆ ಕಾಪಾಡು ಅಂತ ನಿನ್ನನ್ಯಾರು ಕೇಳಿದ್ರು? ಅವತ್ತು ಬಾಗಿಲಲ್ಲಿ ನಿಂತಾಗ ಹೆದರಲಿಲ್ಲ, ಈಗ ಒಂದು ಹಾಳೆಗೆ ಹೆದರ್ತೀಯಲ್ಲ ಮಾರಾಯ್ತಿ."

ಹಾಳೆಯನ್ನು ಹರಿದು ಬುಟ್ಟಿಗೆ ಹಾಕಿದರು. ತಾವೇ ಬರೆದು ನೇರವಾಗಿ ಮೆಡಿಕಲ್ ಕಾಲೇಜಿಗೆ ಕಳಿಸುವುದಾಗಿಯೂ ನಾನು ಅದನ್ನು ಓದುವ ಹಾಗಿಲ್ಲವೆಂದೂ ಹೇಳಿ ನನ್ನನ್ನು ಹೊರಗೆ ಕಳುಹಿಸಿದರು. ಏನು ಬರೆದಾರೋ ಎಂದು ನಾಲ್ಕು ತಿಂಗಳು ಒಳಗೊಳಗೇ ಬೆಂದೆ.

ಫೆಬ್ರವರಿಯಲ್ಲಿ ಸಂದರ್ಶನ. ಎದುರಿಗಿದ್ದ ಮೂವರಲ್ಲಿ ಹಿರಿಯ ಹೆಂಗಸೊಬ್ಬರು ಕಾಗದವೊಂದನ್ನು ಮುಂದಿಟ್ಟುಕೊಂಡು, "ನಿಮ್ಮ ಡಾಕ್ಟ್ರು ಬರೆದಿರೋದನ್ನ ಸ್ವಲ್ಪ ಓದ್ತೀನಿ" ಎಂದರು. 'ಅಂದು ಅವಳು ಸರಿ, ನಾನು ತಪ್ಪು. ಈ ಪುಟ್ಟ ಊರಿನಲ್ಲಿ ಒಬ್ಬರಿಗೂ ಅವಳು ಅದನ್ನು ಹೇಳಿಕೊಳ್ಳಲಿಲ್ಲ. ನನ್ನ ಮನೆಯವರಿಗೆ ಕಾಯಿಲೆಯಾದರೆ ಇಂಥವಳು ನೋಡಲಿ.' ಓದಿ, ಇದು ನಿಜವೇ ಎಂದು ಕೇಳಿದರು.

"ನಿಜ. ಆದ್ರೆ ಆಮೇಲೆ ಆ ರೋಗೀನ ಉಳಿಸಿದ್ದು ಅವ್ರೇ. ಅದನ್ನ ಅವ್ರು ಬರೆದಿರಲ್ಲ" ಎಂದೆ. ಆಕೆ ಪೆನ್ನು ಕೆಳಗಿಟ್ಟು ನಕ್ಕರು.

ಹೋದ ಮಂಗಳವಾರ ಸುದ್ದಿ ಬಂತು. ಗಾಡಿ ತೊಳೆಯುತ್ತಿದ್ದವಳು ಒದ್ದೆ ಕೈಯಲ್ಲೇ ಆಸ್ಪತ್ರೆಯೊಳಗೆ ಓಡಿದೆ. ಪಾರ್ಡಿ ಯಾರದೋ ಕಿವಿ ಪರೀಕ್ಷಿಸುತ್ತಿದ್ದರು. ವಿಷಯ ಕೇಳಿ ಹೊರಗೆ ಬಂದು, ಎಲ್ಲರಿಗೂ ಕೇಳುವಂತೆ, "ಇನ್ಮೇಲೆ ಇವಳು ಹೇಳಿದ ಹಾಗೆ ನಾವೆಲ್ಲ ಕೇಳ್ಬೇಕು ಕಣ್ರಪ್ಪಾ. ನಾನಂತೂ ಆಗ್ಲೇ ಅಭ್ಯಾಸ ಮಾಡ್ಕೊಂಡಿದೀನಿ" ಎಂದು ಕೈ ಕುಲುಕಿದರು. ಮೂವತ್ತಾರು ವರ್ಷದವಳು ನಾನು ಅಲ್ಲೇ ನಿಂತು ಮಗುವಿನ ಹಾಗೆ ಅತ್ತೆ, ಕ್ಲೇಟನ್. ಸ್ವಲ್ಪವೂ ನಾಚಿಕೆಯಾಗಲಿಲ್ಲ.

ಪಾಲಿಯ ಶಾಲೆ ಬದಲಿಸಲು ನಿನ್ನ ಒಪ್ಪಿಗೆ ಬೇಕು. ಫಾರಂ ಇದರ ಜೊತೆಗಿದೆ. ಬೇಸಿಗೆಯಲ್ಲಿ ಬಂದು ಅವಳನ್ನು ನೋಡು. ನಿನ್ನ ಮೇಲೆ ನನಗೀಗ ಸಿಟ್ಟಿಲ್ಲ. ಇದ್ದದ್ದೆಲ್ಲ ಓದಿಗೆ ಖರ್ಚಾಯಿತು.

ನಿನ್ನ ಮಗಳ ತಾಯಿ,
ರೋವೀನಾ

ಮತ್ತೊಂದು ಮಾತು: ನಾನು ಓದಲು ಕುಳಿತಾಗಲೆಲ್ಲ ಪಾಲಿಯನ್ನು ನೋಡಿಕೊಂಡವರು ಯಾರೆಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ನಿನ್ನ ಅಮ್ಮ. ಸಂದರ್ಶನಕ್ಕೆ ಹಿಮದಲ್ಲಿ ಆರು ಗಂಟೆ ಕಾರು ಓಡಿಸಿ ನನ್ನನ್ನು ಕರೆದುಕೊಂಡು ಹೋದವರೂ ಅವರೇ. "ನನ್ನ ಮಗಂಗೆ ಈಗ್ಲೇ ಹೇಳ್ಬೇಡ, ಸೀಟು ಸಿಗ್ಲಿ" ಎಂದು ಆಣೆ ಹಾಕಿಸಿಕೊಂಡಿದ್ದರು. ಹೊಸ ವಿದ್ಯಾರ್ಥಿಗಳಿಗೆ ಬಿಳಿ ಕೋಟು ತೊಡಿಸುವ ಸಮಾರಂಭದಲ್ಲಿ ಮನೆಯವರಿಗೆಂದು ಎರಡೇ ಕುರ್ಚಿ ಕೊಡುತ್ತಾರೆ. ಒಂದು ಪಾಲಿಗೆ. ಇನ್ನೊಂದರಲ್ಲಿ ಕೂರಲು ಅವರು ಆಗಲೇ ಹೊಸ ಟೋಪಿ ಕೊಂಡಿದ್ದಾರೆ.