ಮುದಿ ಕುರಿಯ ದವಡೆ ಕೀಲು

ಜುಲೈ 3, ಬೆಳಿಗ್ಗೆ 7

ಇವತ್ತೂ ಎರಡು ಕುರಿ ತಲೆ. ಖಾಜಾ ಭಾಯಿಯ ಮಾಂಸದಂಗಡಿಯಿಂದ, ಐಸ್ ಬಾಕ್ಸಿನಲ್ಲಿ. ಆಟೋದವ ಕೇಳಿಯೇಬಿಟ್ಟ, "ಮೇಡಮ್ಮರ, ದಿನಾ ತಲಿ ಸಾರು ಮಾಡ್ತೀರೇನ್ರಿ?" ಹೂಂ ಅಂದೆ. ಡೆಂಟಲ್ ಎಂಡಿಎಸ್ ಥೀಸಿಸ್ಸಿಗೆ ಅಂತ ಯಾರು ವಿವರಿಸುತ್ತಾರೆ...

ಕಿವಿಯ ಮುಂದೆ ದವಡೆ ಕೀಲು. ಅದರ ನಡುವೆ ಗಾದಿಯಂಥ ತೆಳ್ಳನೆಯ ಡಿಸ್ಕ್. ಹರಿಯದಂತೆ ಬಿಡಿಸಲು ಕಲಿಯಬೇಕು. ಆಮೇಲೆ ಕಾಲೇಜಿನ ಶೆಡ್ಡಿನಲ್ಲಿರುವ ಆರು ಜೀವಂತ ಕುರಿಗಳಿಗೆ ಆಪರೇಷನ್ — ಡಿಸ್ಕಿಗೆ ಗಾಯ ಮಾಡಿ, ಕೀಲು ಹೇಗೆ ಸವೆಯುತ್ತದೆ ಎಂದು ನೋಡುವುದು. ಮನುಷ್ಯರ ಸವೆತ ಅರ್ಥವಾಗಲಿ ಎಂದು. ಪ್ರಾಣಿ ಪ್ರಯೋಗದ ಕಮಿಟಿ ಒಪ್ಪಿದೆ. ಸೆಪ್ಟೆಂಬರ್ 1ಕ್ಕೆ ಶುರು.

ಇವತ್ತಿನವೂ ಹರಿದವು. ಇಲ್ಲಿಯವರೆಗೆ ಹಾಳಾದ ಡಿಸ್ಕು ಒಟ್ಟು ಒಂಬತ್ತು.

ಜುಲೈ 5

ಖಾಜಾ ಭಾಯಿಗೆ ಹೇಳಿಕೊಂಡೆ. ನಗಲಿಲ್ಲ.

"ನೀವು ಮ್ಯಾಲಿಂದ ಚಾಕು ಹಾಕ್ತೀರಿ ಅಕ್ಕಾ. ಮೊದಲ ಬಾಯಿ ಅಗಲ ಮಾಡ್ರಿ, ಕೀಲು ತಾನ ಮುಂದ ಬರ್ತದ. ಎಲುಬಿನ ಜೋಡಿ ಜಬರ್ದಸ್ತಿ ನಡಿಯಂಗಿಲ್ಲ."

ಗಿರಾಕಿಗಳನ್ನು ನಿಲ್ಲಿಸಿ ಮಾಡಿ ತೋರಿಸಿದರು. ಡಿಸ್ಕ್ ಇಡಿಯಾಗಿ ಬಂತು, ತಾಟಿನುಂಗಿನ ತಿರುಳಿನ ಹಾಗೆ. ಮೂರು ಪುಸ್ತಕ ಓದಿದ್ದೆ. ಯಾವುದರಲ್ಲೂ ಇದಿರಲಿಲ್ಲ.

ಜುಲೈ 24

ದೇವದುರ್ಗ ಸಂತೆಯಿಂದ ಬಂದ ಮುದಿ ಕುರಿ. ಒಂದು ಕೀಲು ನುಣುಪು. ಇನ್ನೊಂದು ತೆರೆದೆ — ಡಿಸ್ಕಿನಲ್ಲಿ ತೂತು, ಎಲುಬು ತರಿತರಿ. ನನ್ನ ಚಾಕು ಅಲ್ಲ. ಯಾರ ಚಾಕೂ ಅಲ್ಲ.

ಖಾಜಾ ಭಾಯಿಗೆ ಫೋಟೋ ತೋರಿಸಿದೆ. "ಹಲ್ಲು ನೋಡ್ರಿ, ಒಂದ ಕಡಿ ಬಿದ್ದಾವು. ಇನ್ನೊಂದ ಕಡಿ ಅಗದು ಅಗದು ಸವದದ. ಮುದಿ ಕುರಿಗೋಳ್ದು ಭಾಳ ನೋಡೀನಿ ಹಿಂಗ."

ಕಾರಣ ಅದೇನಾ, ಗೊತ್ತಿಲ್ಲ. ಆದರೆ "ಭಾಳ ನೋಡೀನಿ" ಅಂದರಲ್ಲ... ರೋಗ ತಾನಾಗಿಯೇ ಸಿಗುವುದಾದರೆ ಶೆಡ್ಡಿನ ಆರಕ್ಕೆ ನಾನೇಕೆ ಗಾಯ ಮಾಡಬೇಕು?

ಜುಲೈ 25

ಆಪರೇಷನ್ ಬದಲು ತಾನಾಗಿ ಸವೆದ ಕೀಲುಗಳನ್ನೇ ನೋಡುತ್ತೇನೆ ಅಂದೆ. ಗೈಡ್ ಉದಯಕುಮಾರ ಸರ್ ಬೈಯಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು.

"ಒಂದ ತಲಿ ನೋಡಿ ಥೀಸಿಸ್ ಬದಲಿಸ್ತೀಯೇನು ಶಶಿಕಲಾ? ವರ್ಷ ಹೋದ್ರ ಹೋತು ನೋಡವ್ವಾ." ಕ್ಯಾಲೆಂಡರ್ ನೋಡಿ, "ಮೂವತ್ತು ತಲಿ ತೋರ್ಸು. ಆಗಸ್ಟ್ ಇಪ್ಪತ್ತೈದರ ಒಳಗ."

ಕಲ್ಲೂರಿನಲ್ಲಿ ಅವ್ವ ಇನ್ನೂ ಹತ್ತಿ ಬಿಡಿಸಲು ಹೋಗುತ್ತಾಳೆ. ನನ್ನ ಕೋರ್ಸು ಮುಗಿದರೆ ಬಿಡುತ್ತೇನೆ ಅಂದಿದ್ದಾಳೆ. ಒಂದು ವರ್ಷ ಅಂದರೆ...

ಆಗಲಿ.

ಆಗಸ್ಟ್ 23

ಬರೆಯಲು ಪುರಸೊತ್ತೇ ಇರಲಿಲ್ಲ. ಖಾಜಾ ಭಾಯಿ ಮಾನ್ವಿ, ದೇವದುರ್ಗದ ಅಂಗಡಿಗಳಿಗೆಲ್ಲ ಫೋನು ಹಚ್ಚಿದರು: "ಮುದಿ ಕುರಿ ತಲಿ ಒಗೀಬ್ಯಾಡ್ರಿ. ನಮ್ಮ ಡಾಕ್ಟರ್ ಅಕ್ಕನ ಪರೀಕ್ಷಾ ಅದ." ಬೆಳಗಿನ ಬಸ್ಸಿಗೆ ಬರುತ್ತಿದ್ದವು. ಮೂವತ್ತನಾಲ್ಕು. ಒಂದೊಂದಕ್ಕೂ ಚೀಟಿ — ಊರು, ಎಷ್ಟು ಹಲ್ಲು.

ಹದಿಮೂರರಲ್ಲಿ ಸವೆತ. ಶುರುವಿನದು, ನಡುವಿನದು, ಕೊನೆಯದು, ಎಲ್ಲ ಹಂತವೂ.

ಸರ್ ಮೈಕ್ರೋಸ್ಕೋಪಿನಿಂದ ಬಹಳ ಹೊತ್ತು ತಲೆ ಎತ್ತಲಿಲ್ಲ. ಆಮೇಲೆ, "ಆಪರೇಷನ್ ಬ್ಯಾಡ. ಟೈಟಲ್ ಬದಲಿಸಾಕ ಅರ್ಜಿ ಬರಿ. ಸಹಿ ಮಾಡ್ತೀನಿ."

ಶೆಡ್ಡಿಗೆ ಓಡಿದೆ. ಆರೂ ಮೆಲುಕು ಹಾಕುತ್ತಿದ್ದವು. ಥ್ಯಾಂಕ್ಸ್ ಅಂದೆ, ಬಾಯಿಬಿಟ್ಟು. ಸತ್ತ ಮೂವತ್ತನಾಲ್ಕಕ್ಕೂ ಸೇರಿಸಿ. ಅಳು ಬಂತು.

ಸೆಪ್ಟೆಂಬರ್ 15

ಟೈಟಲ್ ಒಪ್ಪಿಗೆ ಆಯಿತು! ಪೇಡೆ ತೆಗೆದುಕೊಂಡು ಖಾಜಾ ಭಾಯಿಯ ಮನೆಗೆ. ಥೀಸಿಸ್ಸಿನ ಕೃತಜ್ಞತೆ ಪುಟದಲ್ಲಿ ಮೊದಲ ಹೆಸರು ನಿಮ್ಮದೇ ಅಂದೆ.

"ಕಟುಕ ಅಂತ ಬರದೀರೇನು?"

"ಉಸ್ತಾದ್ ಅಂತ ಬರದೀನ್ರಿ."

ಡಬ್ಬಿ ಬಿಚ್ಚಿ ಮೊದಲ ಪೇಡೆ ನನ್ನ ಕೈಗೇ ಇಟ್ಟರು.

ಅವರ ಹೆಂಡತಿ ಗುಲ್ಶನ್ ಬೇಗಂ ಪೇಡೆಯನ್ನು ಕಡಲೆಯಷ್ಟು ಮುರಿದು ಬಾಯಿಗೆ ತೂರಿಸುತ್ತಿದ್ದರು. ಯಾಕೆ ಅಂದೆ.

"ಬಾಯಿ ತೆರಿಯಂಗಿಲ್ಲ ಬೇಟಿ. ನಾಕು ವರ್ಷ ಆತು. ರೊಟ್ಟಿ ನೆನಸ್ಕೊಂಡು ನುಂಗ್ತೀನಿ."

"ನನಗ್ಯಾಕ ಹೇಳಲಿಲ್ಲ?" ಖಾಜಾ ಭಾಯಿ.

"ಇಂಥಾದ್ದೆಲ್ಲ ಯಾರಿಗೆ ಹೇಳ್ತಾರ?"

ಅವರ ಕಿವಿಗಳ ಮುಂದೆ ಬೆರಳಿಟ್ಟೆ. ಮೆಲ್ಲಗೆ ತೆರೆಯಲು ಹೇಳಿದೆ. ಕರಕರ. ಎಷ್ಟೋ ಪೇಷಂಟುಗಳಲ್ಲಿ ಈ ಸದ್ದು ಕೇಳಿದ್ದೆ. ಒಳಗೆ ಹೇಗಿರುತ್ತದೆ ಎಂದು ಕಂಡದ್ದು ಇವತ್ತೇ — ಬೆರಳಿಗೇ ಕಣ್ಣು ಬಂದ ಹಾಗೆ.

"ಪೂರಾ ವಾಸಿ ಆಗಂಗಿಲ್ಲಮ್ಮಾ. ನೋವು ಇಳಸಬಹುದು. ನಾಳಿ ಬರ್ರಿ."

ಸೆಪ್ಟೆಂಬರ್ 16, ಬೆಳಿಗ್ಗೆ 8.50

ಓಪಿಡಿ ಬಾಗಿಲು ತೆರೆಯುವ ಮೊದಲೇ ಇಬ್ಬರೂ ನಿಂತಿದ್ದಾರೆ. ಖಾಜಾ ಭಾಯಿ ಅಂಗಡಿ ಮುಚ್ಚಿ ಬಂದಿದ್ದಾರೆ. ನನ್ನ ನೋಡಿ ಕೈ ಮುಗಿದರು. ಕೈ ಮುಗಿಯಬೇಕಾದವಳು ನಾನು. ಎಲ್ಲಿಂದ ಶುರು ಮಾಡಲಿ... ನರ್ಸ್ ಬಾಗಿಲು ತೆಗೆದು ಗುಲ್ಶನ್ ಬೇಗಂ ಅಂತ ಕೂಗಿದರು. ನಾನೇ ನೋಡ್ತೀನಿ, ಬಂದೆ —