ಬಳಸಿದ ತಪ್ಪಿಗೆ ಸೊನ್ನೆ ಅಂಕ

ಕೈಕಸುಬು ಮತ್ತು ಚಿತ್ರಕಲೆಯ ಮೌಲ್ಯಮಾಪನಾಧಿಕಾರಿಗಳೇ, ಮಾನ್ಯರೇ,

ಈ ವರ್ಷ ಲೋಯರ್ ಸೆಕೆಂಡರಿ ಪರೀಕ್ಷೆಗೆ ಕೂತ ನಮ್ಮೂರ ಹನ್ನೊಂದು ಮಕ್ಕಳಿಗೆ ತಾವು ಕೈಕಸುಬಿನಲ್ಲಿ ಸೊನ್ನೆ ದಯಪಾಲಿಸಿದ್ದೀರಿ. ಕಾರಣವನ್ನೂ ವರದಿಯಲ್ಲಿ ತಾವೇ ಬರೆದಿದ್ದೀರಿ: "ಮಾದರಿಗಳು ಈಗಾಗಲೇ ಬಳಸಲ್ಪಟ್ಟಿರುವುದರಿಂದ ಮೌಲ್ಯಮಾಪನಕ್ಕೆ ಅನರ್ಹ." ಈ ವಾಕ್ಯವನ್ನು ನಾನು ಒಮ್ಮೆ ಕನ್ನಡಕ ಹಾಕಿಕೊಂಡು ಓದಿದೆ, ಒಮ್ಮೆ ತೆಗೆದು ಓದಿದೆ. ಎರಡು ಸಲವೂ ಅದೇ ಅರ್ಥ ಬಂತು. ಕೊಡಲಿ ಸೌದೆ ಸೀಳಿದರೆ ಕೊಡಲಿಯಲ್ಲ, ಒನಕೆ ಭತ್ತ ಕುಟ್ಟಿದರೆ ಒನಕೆಯಲ್ಲ ಎಂಬುದು ತಮ್ಮ ಸಿದ್ಧಾಂತವಾದರೆ, ತಮ್ಮ ಮನೆಯಲ್ಲಿ ಅಡಿಗೆ ಹೇಗೆ ನಡೆಯುತ್ತದೆ ಎಂದು ಕೇಳಬಹುದೇ? ಸೊನ್ನೆ ಬಂದ ಮಕ್ಕಳು ಉಳಿದ ವಿಷಯಗಳಲ್ಲಿ ಎಷ್ಟೇ ತೆಗೆದಿದ್ದರೂ ಫೇಲು. ಅವರಲ್ಲಿ ಸೋಮಮ್ಮ ಎಂಬ ಹುಡುಗಿಯ ಓದು ಇದೇ ಜೂನ್ ಹದಿನೈದಕ್ಕೆ ನಿಂತುಹೋಗುತ್ತದೆ. ಕೃಷ್ಣರಾಜಪೇಟೆಯ ಹೈಸ್ಕೂಲಿಗೆ ಸೇರಲು ಅದೇ ಕೊನೆಯ ದಿನ.

ನಾನು ಯಾರು ಎಂದು ತಾವು ಹುಬ್ಬು ಗಂಟಿಕ್ಕುವ ಮೊದಲು ಹೇಳಿಬಿಡುತ್ತೇನೆ. ಆ ಮಕ್ಕಳಿಗೆ ಡ್ರಾಯಿಂಗೂ ಕೈಕಸುಬೂ ಕಲಿಸುವ ಮೇಷ್ಟ್ರ ಹೆಂಡತಿ. ಸರ್ಕಾರಿ ನೌಕರರು ಪತ್ರಿಕೆಗೆ ಬರೆಯಕೂಡದಂತೆ. ನೌಕರರ ಹೆಂಡತಿಯರು ಬರೆಯಬಹುದೇ ಎಂದು ಕೇಳಿದೆ. ನಮ್ಮೆಜಮಾನರು ನಿಯಮಾವಳಿಯ ಪುಸ್ತಕವನ್ನು ಹಿಂದುಮುಂದಾಗಿ ಎರಡು ಸಲ ತಿರುವಿಹಾಕಿ, "ಹೆಂಡತಿಯರ ವಿಷಯ ಇದರಲ್ಲಿ ಎಲ್ಲೂ ಇಲ್ಲ ಕಣೇ" ಎಂದರು. ಇಲ್ಲವೆಂದ ಮೇಲೆ ಪತ್ರಿಕೆಗೆ ಈ ಬಹಿರಂಗ ಪತ್ರ ಬರೆಯಲು ಮಸಿಕುಡಿಕೆ ಕೈಗೆ ತೆಗೆದುಕೊಂಡೆ. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಅದು ಗೌರವ. ತಮ್ಮ ಹೆಸರನ್ನೂ ಇಲ್ಲಿ ಹೇಳುತ್ತಿಲ್ಲ, ಅದಕ್ಕೆ ಕಾರಣ ಬೇರೆ.

ತಮ್ಮ ಕಚೇರಿಯಿಂದ ಪ್ರತಿವರ್ಷ ಒಂದು ಪಟ್ಟಿ ಬರುತ್ತದೆ. ಮಕ್ಕಳು ಮರದಲ್ಲಿ ಏನೇನು ಮಾಡಬೇಕೆಂದು ಅದರಲ್ಲಿ ಬರೆದಿರುತ್ತದೆ. ಮೊದಲನೆಯದು ಕೋಟು ನೇತುಹಾಕುವ ಗೂಟದ ಹಲಗೆ. ಶೀಳನೆರೆ ಹೋಬಳಿಯ ನಮ್ಮ ಹಳ್ಳಿಯಲ್ಲಿ ಕೋಟು ಇರುವುದು ಶಾನುಭೋಗರಿಗೊಬ್ಬರಿಗೇ. ಅದನ್ನೂ ಅವರು ಟ್ರಂಕಿನಲ್ಲಿ ನುಸಿಗುಳಿಗೆ ಹಾಕಿ ಮಡಿಸಿಟ್ಟಿದ್ದಾರೆ. ವರ್ಷಕ್ಕೆ ಹನ್ನೊಂದು ಗೂಟದ ಹಲಗೆಯಂತೆ ಆರು ವರ್ಷ ಮಾಡಿ ಮಾಡಿ, ಇಲ್ಲದ ಕೋಟುಗಳಿಗೆ ನಮ್ಮೂರಿನಲ್ಲಿ ಈಗ ಅರವತ್ತಾರು ಜಾಗ ಸಿದ್ಧವಾಗಿವೆ. ಏಳನೆಯ ವರ್ಷ ನಮ್ಮ ಮೇಷ್ಟ್ರಿಗೆ ಬೇಸರ ಬಂತು. ಪಟ್ಟಿಯ ಕೊನೆಯ ಸಾಲಿನಲ್ಲಿ "ಅಥವಾ ಸ್ಥಳೀಯ ಉಪಯೋಗದ ಒಂದು ವಸ್ತು" ಎಂದಿತ್ತು. ಆ ಸಾಲನ್ನು ಅದುವರೆಗೆ ಯಾರೂ ಓದಿರಲಿಲ್ಲ, ಬರೆದವರೂ ಸೇರಿ ಎಂದು ನನ್ನ ಗುಮಾನಿ.

ಅವರು ಮಕ್ಕಳ ಕೈಗೆ ಉಳಿ ಕೊಡಲಿಲ್ಲ. ಪೆನ್ಸಿಲು ಕೊಟ್ಟು ದೊಡ್ಡಬೀರಯ್ಯನ ಆಲೆಮನೆಗೆ ಕರೆದುಕೊಂಡು ಹೋದರು. "ಏನನ್ನೂ ಮಾಡಬೇಡಿ. ಇಲ್ಲಿರೋ ಸಾಮಾನುಗಳಲ್ಲಿ ಯಾವುದು ಯಾರಿಗೆ ತೊಂದರೆ ಕೊಡ್ತಿದೆ ನೋಡಿ, ನೋಡಿದ್ದನ್ನ ಬರೀರಿ" ಎಂದರು. ಮಕ್ಕಳು ಮೂರು ದಿನ ನೋಡಿದರು, ಕಬ್ಬಿನಹಾಲು ಕುಡಿದರು, ಬರೆದರು. ಹೆಚ್ಚು ತೊಂದರೆ ಕೊಡುತ್ತಿದ್ದದ್ದು ಬೆಲ್ಲದ ಅಚ್ಚಿನ ಹಲಗೆ. ಹಲಗೆಯಲ್ಲಿ ಸಾಲಾಗಿ ಗುಳಿ ತೋಡಿರುತ್ತಾರೆ. ಬಿಸಿ ಪಾಕ ಅದರೊಳಗೆ ಹೊಯ್ದು, ಆರಿದ ಮೇಲೆ ಮಗುಚಬೇಕು. ಮಗುಚಿದರೆ ಬೆಲ್ಲ ಬೀಳುವುದಿಲ್ಲ, ಗುಳಿಗೆ ಕಚ್ಚಿಕೊಂಡು ಕೂತಿರುತ್ತದೆ. ಮರದ ಕೊಡತಿಯಿಂದ ಹಲಗೆಯ ಬೆನ್ನಿಗೆ ಬಡಿಯಬೇಕು. ಬಡಿದರೆ ಬೆಲ್ಲದ ಮೂಲೆ ಮುರಿಯುತ್ತದೆ, ಮೂಲೆ ಮುರಿದ ಬೆಲ್ಲವನ್ನು ಸಂತೆಯಲ್ಲಿ ಕೇಳುವವರಿಲ್ಲ. ಅಜ್ಜನ ಕಾಲದಿಂದ ಹೀಗೆಯೇ ಬಡಿಯುತ್ತ ಬಂದಿದ್ದಾರೆ. ಬಡಿಯುವುದೇ ಕ್ರಮವೆಂದು ತಿಳಿದಿದ್ದಾರೆ.

ಸೋಮಮ್ಮ ದೊಡ್ಡಬೀರಯ್ಯನ ಮಗಳೇ. ವಯಸ್ಸು ಹದಿನಾಲ್ಕು. ಹುಡುಗಿಯರಿಗೆ ಹೊಲಿಗೆ ಎಂದು ತಮ್ಮ ಪಟ್ಟಿಯಲ್ಲಿದೆ, ಹೊಲಿಗೆ ಕಲಿಸುವವರನ್ನು ಮಾತ್ರ ತಾವು ಇವತ್ತಿನವರೆಗೂ ಕಳಿಸಿಲ್ಲ. ಹಾಗಾಗಿ ಅವಳೂ ಉಳಿ ಹಿಡಿದಳು. ಒಂದು ದಿನ ನಮ್ಮ ಜಗಲಿಗೆ ಓಡಿ ಬಂದು ಮೇಷ್ಟ್ರನ್ನು ಕೇಳಿದಳು: "ಸಾ, ಒದ್ದೆ ಮರಳ್ನ ತೆಂಗಿನ ಚಿಪ್ಪಲ್ಲಿ ತುಂಬಿ ಮಗುಚಿದ್ರೆ ಸಲೀಸಾಗಿ ಬತ್ತದೆ. ಬೆಂಕಿಪಟ್ನದಲ್ಲಿ ತುಂಬಿ ಮಗುಚಿದ್ರೆ ಬರಾಕಿಲ್ಲ. ಯಾಕ್ ಸಾ?" ಮೇಷ್ಟ್ರು, "ನೀನೇ ಹೇಳು" ಎಂದರು. ಅವಳು ಮಾರನೇ ದಿನ ಬಂದು ಹೇಳಿದಳು: "ಚಿಪ್ಪಿನ ಬಾಯಿ ಅಗ್ಲ, ತಳ ಸಣ್ದು. ಪಟ್ನದ್ದು ಎರಡೂ ಒಂದೇ ಸಮ. ಅಚ್ಚಿಗೂ ಅಂಗೇ ಮಾಡಾನ?" ಮಾನ್ಯರೇ, ವಿನ್ಯಾಸ ಎಂದು ತಾವು ದಪ್ಪಕ್ಷರದಲ್ಲಿ ಸುತ್ತೋಲೆ ಹೊರಡಿಸುತ್ತೀರಲ್ಲ, ಅದು ಇದೇ. ಅವಳು ಇಳಿಜಾರನ್ನು ಕಾಗದದಲ್ಲಿ ಅಳತೆ ಹಾಕಿ ಬರೆದು, ಹಲಸಿನ ಹಲಗೆಯಲ್ಲಿ ಇಪ್ಪತ್ತನಾಲ್ಕು ಗುಳಿ ತೋಡಿದಳು. ಇಪ್ಪತ್ತು ದಿನ ಹಿಡಿಯಿತು. ಉಳಿದ ಹತ್ತು ಮಕ್ಕಳೂ ತಂತಮ್ಮ ಬುದ್ಧಿಗೆ ತೋಚಿದ ಹಾಗೆ ಒಂದೊಂದು ಹಲಗೆ ಮಾಡಿದರು. ಎಲ್ಲಕ್ಕೂ ನಂಬರಿನ ಚೀಟಿ ಅಂಟಿಸಿ ಶಾಲೆಯ ಬೀರುವಿನಲ್ಲಿಟ್ಟರು.

ಇನ್ನು ಅಪರಾಧಕ್ಕೆ ಬರುತ್ತೇನೆ. ಯುಗಾದಿಗೆ ನಾಲ್ಕು ದಿನವಿದ್ದಾಗ ದೊಡ್ಡಬೀರಯ್ಯ ನಮ್ಮ ಮನೆ ಬಾಗಿಲಿಗೆ ಬಂದ. "ಮೇಷ್ಟ್ರೇ, ಹೊಸ ಮರದ ಸಾಮಾನು ಕೆಲ್ಸ ಕಾಣ್ದೆ ಯುಗಾದಿ ದಾಟ್ಬಾರ್ದು. ಮನೆಗೆ ಒಳ್ಳೇದಲ್ಲ. ಒಂದ್ ಪಾಕ ಉಯ್ಯೋಗಂಟ ಅದು ಬರೀ ಸೌದೆ ಕಣ್ರೀ. ಬೀರುವಿಂದ ಈಚೆ ತಗೀರಿ" ಎಂದ. ಇದು ಇಲ್ಲಿಯ ನಡವಳಿಕೆ. ನೇಗಿಲಿರಲಿ ರಾಗಿಕಲ್ಲಿನ ಗೂಟವಿರಲಿ, ಹಬ್ಬಕ್ಕೆ ಮುಂಚೆ ಒಂದು ಸಲ ದುಡಿಯಲೇಬೇಕು. ನಮ್ಮ ಮೇಷ್ಟ್ರಿಗೆ ಹೇಗೂ ತಡೆಯಲಾರದಷ್ಟು ಕುತೂಹಲವಿತ್ತು. "ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?" ಎನ್ನುತ್ತ ಬೀಗದ ಕೈ ತೆಗೆದುಕೊಂಡು ಹೊರಟರು. ಪುಣ್ಯಾತ್ಮರು ತಮ್ಮಂಥ ಅಧಿಕಾರಿಗಳಿರುವುದನ್ನೇ ಮರೆತರು. ತಪ್ಪು ಅವರದೇ, ಒಪ್ಪಿದೆ.

ಸೋಮಮ್ಮನ ತಾಯಿ ಸಿದ್ದಲಿಂಗಮ್ಮ ಹನ್ನೊಂದು ಹಲಗೆಗೂ ಅರಿಶಿನ ಕುಂಕುಮ ಹಚ್ಚಿದಳು, ತಮ್ಮ ಪರೀಕ್ಷೆಯ ನಂಬರಿನ ಚೀಟಿಯ ಮೇಲೂ ಹಚ್ಚಿದಳು. ಪಾಕ ಹೊಯ್ದರು. ಆರಿತು. ಮೊದಲನೆಯ ಹಲಗೆ ಬಡಿದರೂ ಬಿಡಲಿಲ್ಲ, ಎರಡನೆಯದು ಬಡಿದ ಬಡಿತಕ್ಕೆ ಸೀಳಿಹೋಯಿತು. ಹೀಗೆ ಹತ್ತೂ ಆದವು. ಕೊನೆಗೆ ಸೋಮಮ್ಮನ ಹಲಗೆ. ದೊಡ್ಡಬೀರಯ್ಯ ಕೊಡತಿ ಎತ್ತಿದ. "ಅಪ್ಪೋ, ಬಡೀಬ್ಯಾಡ ಕಣಪ್ಪೋ! ಸುಮ್ಕೆ ಮಗುಚು" ಎಂದು ಅವಳು ಕೂಗಿದಳು. ಮಗುಚಿದ. ಇಪ್ಪತ್ತನಾಲ್ಕು ಅಚ್ಚೂ ಮೂಲೆ ಮುಕ್ಕಾಗದೆ ಒದ್ದೆ ಬಟ್ಟೆಯ ಮೇಲೆ ಬಿದ್ದವು. ದೊಡ್ಡಬೀರಯ್ಯ ಆಡಿದ ಮೊದಲನೆಯ ಮಾತನ್ನು ಪತ್ರಿಕೆಯಲ್ಲಿ ಮುದ್ರಿಸಲಾಗದು. ಎರಡನೆಯದು ಹೀಗಿತ್ತು: "ಅಲೆಲೆಲೆ, ಉದುರ್ಬುಡ್ತಲ್ಲಾ! ನಮ್ಮಪ್ಪ, ನಮ್ಮ ತಾತ ಎಲ್ಲಾ ಸುಮ್ಸುಮ್ಕೆ ಬಡ್ಕಂಡು ಸತ್ರಲ್ಲಾ!" ನಾನು ಅಲ್ಲೇ ನಿಂತಿದ್ದೆ. ಸಂತೋಷಕ್ಕೆ ನನ್ನ ಕಣ್ಣಲ್ಲಿ ನೀರು ಬಂತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಏಪ್ರಿಲಿನಲ್ಲಿ ತಮ್ಮ ಜೀಪು ಬಂತು. ಹಲಗೆಗಳನ್ನು ತಿರುಗಿ ಇಟ್ಟಿದ್ದ ಬೀರು ತೆಗೆದೊಡನೆ ಇರುವೆಯ ಸಾಲು ತಮ್ಮ ಬೂಟನ್ನು ಹತ್ತಿತು. "ಏನ್ರೀ ಮೇಷ್ಟ್ರೇ, ಕೈಕಸುಬು ಅಂದ್ರೆ ಇರುವೆ ಸಾಕೋದೇನ್ರೀ?" ಎಂದು ತಾವು ಕೇಳಿದಿರಿ. ಮಾತು ಚೆನ್ನಾಗಿತ್ತು, ತಮ್ಮ ಗುಮಾಸ್ತರು ನಕ್ಕರು. ಹಲಗೆಗೆ ಬೆಲ್ಲದ ಕಲೆ ಹತ್ತಿತ್ತು. ತಾವು ಅಳತೆಯ ಕಾಗದವನ್ನು ಬಿಚ್ಚಲಿಲ್ಲ. ಇಳಿಜಾರಿಗೆ ಬೆರಳು ತಾಕಿಸಲಿಲ್ಲ. ಮೂಲೆಯಲ್ಲಿ ನಿಂತಿದ್ದ ಹುಡುಗಿಯನ್ನು ಒಂದು ಮಾತು ಕೇಳಲಿಲ್ಲ. ಆಮೇಲೆ ಊಟಕ್ಕೆಂದು ನಮ್ಮ ಮನೆಗೆ ಬಂದಿರಿ. ಊಟವಾದ ಮೇಲೆ ಕೊಬ್ಬರಿಯ ಜೊತೆ ಅದೇ ಹಲಗೆಯ ಬೆಲ್ಲವನ್ನು ನಾನೇ ತಟ್ಟೆಗೆ ಹಾಕಿದೆ. ಒಂದಲ್ಲ, ಮೂರು ತಿಂದಿರಿ. "ಮೂಲೆ ಎಷ್ಟು ಚೊಕ್ಕವಾಗಿ ಬಂದಿದೆ ನೋಡಿ, ನಮ್ಮ ಕಡೆ ಹೀಗೆ ಸಿಗೋದಿಲ್ಲ" ಎಂದು ಮೆಚ್ಚಿಕೊಂಡಿರಿ. ದೊಡ್ಡಬೀರಯ್ಯ ಕೊಟ್ಟ ಒಂದು ಗಂಟು ಬೆಲ್ಲವನ್ನು ಜೀಪಿನಲ್ಲಿ ಇಡಿಸಿಕೊಂಡಿರಿ. ಅಚ್ಚು ಅನರ್ಹವಾದರೆ ಅದರಿಂದ ಬಂದ ಬೆಲ್ಲ ಹೇಗೆ ಅರ್ಹವಾಯಿತು ಸ್ವಾಮಿ? ಗಂಟನ್ನು ಹಿಂದಕ್ಕೆ ಕೊಡಿ ಎಂದು ನಾನು ಕೇಳುವುದಿಲ್ಲ. ಅದು ಇಷ್ಟು ಹೊತ್ತಿಗೆ ಪಾಯಸವೋ ಹೋಳಿಗೆಯೋ ಆಗಿ ಹೋಗಿರುತ್ತದೆ.

ಬಳಸದ ಮಾದರಿಗೆ ತಾವು ಎಷ್ಟು ಅಂಕ ಕೊಡುತ್ತೀರಿ ಎಂಬುದು ನನಗೆ ಚೆನ್ನಾಗಿ ಗೊತ್ತು. ನಾನೂ ಶ್ರೀರಂಗಪಟ್ಟಣದಲ್ಲಿ ಇದೇ ಪರೀಕ್ಷೆಗೆ ಕೂತವಳು. ದಪ್ಪ ಬಟ್ಟೆಯ ಮೇಲೆ ಒಂದು ಗಿಳಿ ಹೊಲಿದಿದ್ದೆ. ಅದಕ್ಕೆ ನೂರಕ್ಕೆ ತೊಂಬತ್ತು. ನಮ್ಮ ತಂದೆ ದೇವಸ್ಥಾನದ ಪರಿಚಾರಕರು, ಬಡತನದಲ್ಲೂ ಅದಕ್ಕೆ ಗಾಜು ಹಾಕಿಸಿದರು. ಆ ಗಿಳಿ ಇಪ್ಪತ್ತೆರಡು ವರ್ಷದಿಂದ ಗೋಡೆಯ ಮೇಲಿದೆ. ಹರಿದ ರವಿಕೆಗೆ ತೇಪೆ ಹಾಕುವುದನ್ನು ಮಾತ್ರ ನಾನು ಮದುವೆಯಾದ ಮೇಲೆ ಅತ್ತೆಯಿಂದ ಬೈಸಿಕೊಂಡು ಕಲಿತೆ. ನನ್ನಂಥ ಬುದ್ಧಿವಂತರನ್ನೇ ಇನ್ನೂ ತಯಾರು ಮಾಡುವ ಆಸೆ ಇಲಾಖೆಗಿದ್ದರೆ ಬಾಯಿಬಿಟ್ಟು ಹೇಳಲಿ.

ಫಲಿತಾಂಶ ಬಂದ ದಿನ ದೊಡ್ಡಬೀರಯ್ಯ ನಮ್ಮ ಜಗಲಿಯ ಮೇಲೆ ಬಂದು ಕೂತ. ಮಗಳು ಒಂದೇ ಏಟಿಗೆ ಪಾಸಾದರೆ ಪೇಟೆಯಲ್ಲಿ ತಂಗಿಯ ಮನೆಯಲ್ಲಿಟ್ಟು ಹೈಸ್ಕೂಲು ಓದಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ. "ಬೆಲ್ಲ ತಿಂದ್ಬುಟ್ಟು ಅಚ್ಚು ಸರಿಗಿಲ್ಲ ಅಂತಾವ್ರಲ್ಲ ಮೇಷ್ಟ್ರೇ. ಇರ್ಲಿ ಬುಡಿ. ಫೇಲಾದ್ ಮಗೀನ ಯಾವ್ ಮಕ ಇಟ್ಕಂಡು ಪ್ಯಾಟೆಗೆ ಕಳಿಸ್ಲಿ? ಜನ ನಗಾಕಿಲ್ವಾ? ಆಲೆಮನೆ ಒಲೆಗೆ ಕಬ್ಬಿನ ಸಿಪ್ಪೆ ಆಕ್ಕಂಡು ಮನೇಲೇ ಇರ್ಲಿ" ಎಂದು ಎದ್ದುಹೋದ. ಅವನು ಕೆಟ್ಟವನಲ್ಲ. ಸರ್ಕಾರ ಹೇಳಿದ್ದು ನಿಜವಿರಬೇಕು ಎಂದು ನಂಬುವವನು, ಅಷ್ಟೆ.

ನಮ್ಮ ಮೇಷ್ಟ್ರು ತಮಗೆ ಮೂರು ಅರ್ಜಿ ಬರೆದರು. ಎರಡಕ್ಕೆ ಉತ್ತರವಿಲ್ಲ. ಮೂರನೆಯದಕ್ಕೆ ಹೋದ ವಾರ ಬಂತು: "ಮಾದರಿಗಳನ್ನು ಪೂರ್ವಸ್ಥಿತಿಗೆ ತಂದಲ್ಲಿ ಪುನಃ ಪರಿಶೀಲಿಸಲಾಗುವುದು." ಪೂರ್ವಸ್ಥಿತಿ ಎಂದರೆ ಯಾವುದು, ಹಲಸಿನ ಮರವೇ ಎಂದು ನಾನು ನಗಾಡಿದೆ. ಸೋಮಮ್ಮ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದಳು. ಅವಳು ನಗಲಿಲ್ಲ. ನಾನು ನಕ್ಕಿದ್ದು ತಪ್ಪು.

ನಿನ್ನೆ ಬೆಳಿಗ್ಗೆ ಹಲಗೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಳು. ಒಡೆದ ಗಾಜಿನ ಚೂರಿನಿಂದ ನಾಲ್ಕು ದಿನ ಕೂತು ಇಪ್ಪತ್ತನಾಲ್ಕು ಗುಳಿಯನ್ನೂ ಕೆರೆದಿದ್ದಾಳೆ. ಎರಡು ಬೆರಳಿಗೆ ಬಟ್ಟೆ ಕಟ್ಟಿತ್ತು. "ಅಮ್ಮಾರೆ, ನೋಡಿ, ಯಾರೂ ಮುಟ್ಟೇ ಇಲ್ದಂಗೆ ಆಗದೆ. ಒಂದ್ ಇರುವೆನೂ ಬರಾಕಿಲ್ಲ" ಎಂದಳು. ಹಲಗೆ ನಿಜವಾಗಿಯೂ ಹೊಸದರಂತೆ ಹಳದಿಯಾಗಿತ್ತು. ನಮ್ಮ ಮೇಷ್ಟ್ರು ಅದನ್ನು ತೆಗೆದುಕೊಂಡು ಗುಳಿಯೊಳಗೆ ಬೆರಳಾಡಿಸಿದರು. ಬೆಲ್ಲ ಹೆಚ್ಚು ಕುಡಿದಿದ್ದದ್ದು ತಳ. ಕಲೆ ಹೋಗಲೆಂದು ಅವಳು ತಳದ ಸುತ್ತನ್ನೇ ಹೆಚ್ಚು ಕೆರೆದಿದ್ದಳು. ಈಗ ತಳವೂ ಬಾಯಿಯೂ ಒಂದೇ ಅಗಲ.

"ಸೋಮಿ, ಇನ್ನು ಇದರಿಂದ ಬೆಲ್ಲ ಬೀಳುತ್ತೇನಮ್ಮ?" ಎಂದು ಅವರು ಕೇಳಿದರು.

"ಬೀಳಾಕಿಲ್ಲ ಸಾ. ಕಚ್ಕತದೆ."

"ಗೊತ್ತಿದ್ದೂ ಕೆರೆದೆಯಾ?"

"ಮಾರ್ಕ್ ಬೇಕಲ್ಲ ಸಾ" ಎಂದಳು.

ಏಳು ವರ್ಷದಿಂದ ಕಲಿಸುತ್ತಿರುವ ನನ್ನ ಗಂಡ ಎದ್ದು ಹಿತ್ತಲಿಗೆ ಹೋದರು. ಊಟದ ಹೊತ್ತಿಗೂ ಬರಲಿಲ್ಲ.

ಮಾನ್ಯರೇ, ನಾನು ದಯೆ ಕೇಳುತ್ತಿಲ್ಲ. ಉಳಿದ ಹತ್ತು ಹಲಗೆಗಳಲ್ಲಿ ಬೆಲ್ಲ ಕಚ್ಚಿಕೊಂಡಿತು, ಅವಕ್ಕೆ ಕಡಿಮೆಯಾದರೂ ಸರಿ, ಮಕ್ಕಳು ಪಟ್ಟ ಶ್ರಮವನ್ನು ನೋಡಿ ಕೊಡಿ. ಅವರ ಅಳತೆಯ ಕಾಗದಗಳನ್ನು ಈ ಸಲವಾದರೂ ಬಿಚ್ಚಿ ಓದಿ. ಸೋಮಮ್ಮನ ಅಂಕವನ್ನು ಜೂನ್ ಹದಿನೈದರೊಳಗೆ ಹೈಸ್ಕೂಲಿಗೆ ತಲುಪಿಸಿ. ಹದಿನಾರನೆಯ ತಾರೀಖು ತಲುಪಿದರೆ ಅದು ಒಲೆ ಹೊತ್ತಿಸಲಿಕ್ಕೆ ಆಗುತ್ತದೆ. ಅವಳ ಹಲಗೆಯನ್ನು ರಿಜಿಸ್ಟರ್ ಪಾರ್ಸಲಿನಲ್ಲಿ ತಮಗೇ ಕಳಿಸಿದ್ದೇನೆ. ತಾವು ಕೇಳಿದ ಹಾಗೆಯೇ ಇದೆ, ಇನ್ನು ಯಾವ ಕೆಲಸಕ್ಕೂ ಬರುವುದಿಲ್ಲ. ಧಾರಾಳವಾಗಿ ಅಂಕ ಕೊಡಬಹುದು.

ಇಂತಿ,
ತಮಗೆ ಬೆಲ್ಲ ಬಡಿಸಿ ಈಗ ಕೈ ಹಿಸುಕಿಕೊಳ್ಳುತ್ತಿರುವ
ಜಯಲಕ್ಷ್ಮಮ್ಮ
(ಕಸೂತಿಯ ಗಿಳಿಗೆ ನೂರಕ್ಕೆ ತೊಂಬತ್ತು ಪಡೆದವಳು)
ಶೀಳನೆರೆ ಹೋಬಳಿ, ೩ ಜೂನ್ ೧೯೫೮