ಎಲ್ಲದಕ್ಕೂ ಹೌದು ಎಂದ ಅಮ್ಮಣಿಯಮ್ಮ

ಬೆಳ್ತಂಗಡಿ
17 ನವೆಂಬರ್ 2024, ಆದಿತ್ಯವಾರ

ಪ್ರೀತಿಯ ವಿಸ್ಮಿ,

ನಾವಿಬ್ಬರೂ ಇಲ್ಲಿ ಸೌಖ್ಯ. ನಿನ್ನ ಅಮ್ಮನ ಮಂಡಿನೋವು ಮಾತ್ರ ನಮ್ಮಲ್ಲಿಗೆ ನೆಂಟರು ಬರುವ ದಿನ ಜೋರು, ನಾವು ನೆಂಟರ ಮನೆಗೆ ಹೋಗುವ ದಿನ ಇಲ್ಲವೇ ಇಲ್ಲ. ಕಾಗದ ಬರೆಯುತ್ತೇನೆಂದು ಹೇಳಿ ಮೂರು ವಾರವಾಯಿತು, ತಪ್ಪು ನನ್ನದೇ. ಡ್ಯೂಟಿ ಇತ್ತು ಎಂದು ಬೇರೆಯವರಿಗಾದರೆ ಹೇಳಬಹುದು, ನೀನೂ ಅದೇ ಡ್ಯೂಟಿಯವಳು, ನಂಬಲಿಕ್ಕಿಲ್ಲ. ಫೋನಿನಲ್ಲಿ ಕೇಳಿದರೆ ನೀನು "ಆರಾಮ ಅಪ್ಪ" ಎನ್ನುತ್ತೀ, ನಾನು "ಹಾಂ, ಒಳ್ಳೇದಾಯ್ತು" ಎನ್ನುತ್ತೇನೆ, ಅಲ್ಲಿಗೆ ಅಪ್ಪ ಮಗಳ ಮಾತು ಮುಗಿಯುತ್ತದೆ. ಅದಕ್ಕೇ ಈ ಕಾಗದ.

ವಿಷಯ ನನಗೆ ಗೊತ್ತು. ನವಾಝ್ ಹೇಳಿದ. ಅವನ ಮೇಲೆ ಸಿಟ್ಟಾಗಬೇಡ. ಈಗ ಮೂಡುಬಿದಿರೆಯಲ್ಲಿ ನಿನ್ನ ಆಂಬುಲೆನ್ಸ್ ಓಡಿಸುವ ಅವನು ಮೊದಲು ಆರು ವರ್ಷ ನನ್ನದನ್ನು ಓಡಿಸಿದವನು, ಅವನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಹೋದ ತಿಂಗಳು ಆ ಮೇಸ್ತ್ರಿಯನ್ನು ಕರೆದುಕೊಂಡು ಹೋಗುವಾಗ ಅವರ ಹೆಂಡತಿ ನಿನ್ನ ಕೈ ಹಿಡಿದು "ಇವರು ಉಳೀತಾರಾ?" ಎಂದು ಕೇಳಿದರಂತೆ. ನೀನು "ಏನೂ ಆಗುವುದಿಲ್ಲ, ನಾನಿದ್ದೇನೆ" ಎಂದೆಯಂತೆ. ಆಸ್ಪತ್ರೆಯ ಗೇಟು ಕಾಣುವ ಮೊದಲೇ ಎಲ್ಲ ಮುಗಿಯಿತಂತೆ. "ಏನೂ ಆಗುವುದಿಲ್ಲ ಅಂತ ಹೇಳಿದ್ದಲ್ವಾ ನೀವು?" ಎಂದು ಆ ಹೆಂಗಸು ಆಮೇಲೆ ಕೇಳಿದ್ದನ್ನೂ ನವಾಝ್ ಹೇಳಿದ. ಅಂದಿನಿಂದ ನೀನು ಗಾಡಿಯಲ್ಲಿ ಬೇಕಾದ್ದಕ್ಕಿಂತ ಒಂದು ಶಬ್ದ ಹೆಚ್ಚು ಆಡುವುದಿಲ್ಲ, ರಾಜೀನಾಮೆ ಬರೆದು ಬ್ಯಾಗಿನಲ್ಲಿಟ್ಟುಕೊಂಡಿದ್ದೀ, ತಿಂಗಳ ಕೊನೆಗೆ ಕೊಡುತ್ತೀ. ಸರಿಯಷ್ಟೆ?

ಕೊಡಬೇಡ ಎಂದು ಹೇಳಲು ಬರೆದ ಕಾಗದವಲ್ಲ ಇದು. ಹೇಳಬೇಕೆಂದು ಬಾಯಿ ತುರಿಸುತ್ತಿದೆ, ಅದು ಬೇರೆ. ಕೊಡುವ ಮೊದಲು ನನ್ನ ಎರಡು ಸುದ್ದಿ ಓದು. ನಗುವಂಥದ್ದೇ.

ಕಳೆದ ವಾರ ಮೆಲ್ಕಾರಿನ ಒಂದು ಮದುವೆ ಹಾಲ್‌ನಲ್ಲಿ ನಮಗೆಲ್ಲ ತರಬೇತಿ. ಬ್ಯಾನರಿನಲ್ಲಿ 'ತುರ್ತು ವೈದ್ಯಕೀಯ ತಂತ್ರಜ್ಞರಿಗೆ ಪರಿಣಾಮಕಾರಿ ಸಂವಹನ ಕೌಶಲ' ಎಂದಿತ್ತು. ಅದನ್ನು ಓದಿ ಮುಗಿಸುವಷ್ಟರಲ್ಲಿ ರೋಗಿಯನ್ನು ಆಸ್ಪತ್ರೆಗೆ ಸೇರಿಸಿ ಚಹಾ ಕುಡಿಯಬಹುದು. ಕಲಿಸಲು ಬಂದವಳು ಜ್ಯೋತ್ಸ್ನಾ ಎಂಬ ಹುಡುಗಿ, ಬಂಟ್ವಾಳದವಳೇ, ನಿನಗಿಂತ ಮೂರ್ನಾಲ್ಕು ವರ್ಷ ದೊಡ್ಡವಳಿರಬೇಕು. ತಿಂಡಿಯ ಹೊತ್ತಿಗೆ ಅಡುಗೆಯವರ ಹತ್ತಿರ ತುಳುವಿನಲ್ಲಿ ಚಟಪಟ ಮಾತಾಡಿದವಳು ಮೈಕು ಹಿಡಿದ ಕೂಡಲೇ ಪಾಠಪುಸ್ತಕದ ಕನ್ನಡ ಶುರು ಮಾಡಿದಳು. ನಗಬೇಡ, ನಾವೆಲ್ಲ ಹಾಗೆಯೇ. ಯೂನಿಫಾರ್ಮಿನ ಗುಂಡಿ ಹಾಕಿಕೊಂಡದ್ದೇ ತಡ, ಮನೆಯ ತುಳು ಎಲ್ಲಿಗೋ ಹೋಗಿಬಿಡುತ್ತದೆ.

ರೋಗಿಯ ಪಾತ್ರಕ್ಕೆ ಒಬ್ಬರು ಬೇಕೆಂದಳು. ಎಲ್ಲರೂ ನನ್ನನ್ನೇ ದೂಡಿದರು. ಬೆಂಚಿನ ಮೇಲೆ ಅಂಗಾತ ಮಲಗಿದೆ. ಸರಕಾರಿ ಬಟ್ಟೆ ಹಾಕಿದವರು ಪುಸ್ತಕದ ಕನ್ನಡದಲ್ಲಿ ಕೇಳಿದರೆ ನಮ್ಮ ಹಳ್ಳಿಯ ಹಿರಿಯರು ಹೇಗೆ ಉತ್ತರ ಕೊಡುತ್ತಾರೋ ಹಾಗೆಯೇ ಕೊಡುವುದೆಂದು ನಿಶ್ಚಯ ಮಾಡಿಕೊಂಡೆ.

"ನಿಮಗೆ ಎದೆನೋವು ಇದೆಯೇ?"

"ಹೌದು ಮೇಡಂ."

"ಮಧುಮೇಹ ಇದೆಯೇ?"

"ಹೌದು ಮೇಡಂ."

"ಈ ಹಿಂದೆ ಫಿಟ್ಸ್ ಬಂದಿತ್ತೇ?"

"ಹೌದು ಮೇಡಂ."

ಪಾಪ, ಪಟ್ಟಿ ನೋಡಿ ಓದುತ್ತಿದ್ದವಳು ತಲೆ ಎತ್ತದೆ ಮುಂದಿನದನ್ನೂ ಓದಿಬಿಟ್ಟಳು. "ನೀವು ಗರ್ಭಿಣಿಯೇ?"

"ಹೌದು ಮೇಡಂ" ಎಂದೆ.

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಎಷ್ಟು ತಿಂಗಳು ಎಂದು ಹಿಂದಿನಿಂದ ಯಾರೋ ಕೇಳಿದರು. ಜ್ಯೋತ್ಸ್ನಾಳೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಆದರೆ ಊಟದ ಸಾಲಿನಲ್ಲಿ ನನ್ನ ಪಕ್ಕಕ್ಕೇ ಬಂದು ನಿಂತಳು.

"ನಿಜವಾಗಿ ಹೀಗೆ ಹೇಳ್ತಾರಾ ಅಣ್ಣ?"

"ಹೇಳ್ತಾರೆ. ಯೂನಿಫಾರ್ಮಿನವರು ಇಷ್ಟು ದೂರ ಬಂದು ಕೇಳುವಾಗ ಇಲ್ಲ ಅಂದ್ರೆ ಮರ್ಯಾದೆ ಅಲ್ಲ ಅಂತ ಅವರ ಲೆಕ್ಕ."

"ಮತ್ತೆ ಈ ಪಟ್ಟಿ ಎಂತಕ್ಕೆ?"

"ಪಟ್ಟಿ ಬೇಕು. ಕೇಳುದು ಹೇಗೆ ಅಂತ ನೋಡ್ಬೇಕಾದ್ರೆ ಒಂದು ದಿನ ನಮ್ಮ ಗಾಡಿಯಲ್ಲಿ ಬನ್ನಿ, ಹೋಗುವ."

ಗುರುವಾರ ಅವಳು ಬಂದೇಬಿಟ್ಟಳು. ಹತ್ತು ಗಂಟೆಗೆ ಮುಂಡಾಜೆಯಿಂದ ಕರೆ. ಅಮ್ಮಣಿ ಎಂಬ ಅಜ್ಜಿ ದನದ ಹಟ್ಟಿಯಿಂದ ಬರುವಾಗ ತಲೆ ತಿರುಗಿ ಬಿದ್ದಿದ್ದರು. ನಾವು ಹೋಗುವಾಗ ಜಗಲಿಯಲ್ಲಿ ಮಲಗಿದ್ದರು, ಮೈಯೆಲ್ಲ ಬೆವರು, ಮುಖ ಬಿಳಿಚಿತ್ತು. ಬಿಪಿ ನೋಡಿದರೆ ತೀರ ಕೆಳಗೆ. ಯಾಕೆ ಎಂದು ಗೊತ್ತಿಲ್ಲ. ಜ್ಯೋತ್ಸ್ನಾ ಪಟ್ಟಿ ತೆಗೆದಳು. ಎದೆನೋವು ಇದೆಯೇ, ಹೌದು. ವಾಂತಿಯಾಗಿದೆಯೇ, ಹೌದು. ಔಷಧಿಗಳನ್ನು ಸರಿಯಾಗಿ ಸೇವಿಸುತ್ತಿದ್ದೀರಾ, ಹೌದು. ಹಿಂದಿನಿಂದ ಸೊಸೆ ಕೈಸನ್ನೆಯಲ್ಲಿ ವಾಂತಿ ಇಲ್ಲ, ಇಲ್ಲ ಎನ್ನುತ್ತಿದ್ದಾಳೆ.

ನನ್ನ ಬಾಯಿ ನಿನಗೆ ಗೊತ್ತಲ್ಲ, ಮುಚ್ಚಿಕೊಂಡಿರುವುದು ಅದರ ಜಾಯಮಾನದಲ್ಲಿಲ್ಲ. ಆದರೂ ಡ್ರಿಪ್ ಸರಿಮಾಡುತ್ತಾ ಸುಮ್ಮನಿದ್ದೆ. ಹುಡುಗಿ ಪಟ್ಟಿ ಮಡಚಿ ಕಿಸೆಗೆ ಹಾಕಿದಳು. ನೆಲದ ಮೇಲೆ ಚಕ್ಕಳಮಕ್ಕಳ ಕೂತು, ಅಜ್ಜಿಯ ಅಂಗೈ ಹಿಡಿದು, ಅಪ್ಪಟ ಮನೆಯ ತುಳುವಿನಲ್ಲಿ ಕೇಳಿದಳು: ಬೆಳಿಗ್ಗೆ ಎದ್ದಲ್ಲಿಂದ ಏನೇನು ಮಾಡಿದಿರಿ ಅಜ್ಜಿ, ಒಂದೊಂದೇ ಹೇಳಿ ನೋಡುವ.

ಅಜ್ಜಿ ಕಣ್ಣು ಬಿಟ್ಟು ಅವಳನ್ನು ಮೊದಲ ಸಲ ನೋಡಿದರು. ಎದ್ದದ್ದು, ದನಕ್ಕೆ ಹುಲ್ಲು ಹಾಕಿದ್ದು, ಗಂಜಿ ಕುಡಿದದ್ದು, ಮಾತ್ರೆ ತೆಗೆದುಕೊಂಡದ್ದು. ಯಾವ ಮಾತ್ರೆ ಎಂದಾಗ ಬಂತು ಸತ್ಯ. ಮೂರು ದಿನದ ಹಿಂದೆ ಡಾಕ್ಟರು ಬಿಪಿಯ ಮಾತ್ರೆ ಬದಲಿಸಿ ಹೊಸದು ಕೊಟ್ಟಿದ್ದರು. ಅಮ್ಮಣಿಯಮ್ಮ ಹಳೆಯದನ್ನೂ ಹೊಸದನ್ನೂ ಒಟ್ಟಿಗೆ ನುಂಗುತ್ತಿದ್ದರು. "ಹಳತು ಇನ್ನೂ ಅರ್ಧ ಡಬ್ಬಿ ಉಂಟು ಮಗ. ಹಾಳು ಮಾಡುದು ಎಂತಕ್ಕೆ?" ಎಂದು ನಮ್ಮನ್ನೇ ಕೇಳಿದರು.

ಹೊರಡುವಾಗ ಸೊಸೆ ಅಳುತ್ತಾ ಗಾಡಿಯ ಬಾಗಿಲಲ್ಲಿ ನನ್ನ ಕೈ ಹಿಡಿದಳು. "ಅತ್ತೆಗೆ ಏನೂ ಆಗುದಿಲ್ಲ ಅಲ್ವಾ?"

"ಗೊತ್ತಿಲ್ಲ ಅಕ್ಕ" ಎಂದೆ. "ಬಿಪಿ ತುಂಬ ಇಳಿದಿದೆ, ಅದಕ್ಕೆ ಡ್ರಿಪ್ಪಿನಲ್ಲಿ ನೀರು ಕೊಡ್ತಾ ಇದ್ದೇವೆ. ದಾರಿಯುದ್ದಕ್ಕೂ ನಾನು ಅವರ ಹತ್ತಿರವೇ ಕೂತುಕೊಳ್ತೇನೆ. ನೀವು ಮನೆಯಲ್ಲಿರುವ ಮಾತ್ರೆ ಎಲ್ಲ ಒಂದು ಚೀಲಕ್ಕೆ ಹಾಕಿ ತನ್ನಿ." ಅವಳು ಓಡಿದಳು. ಮಾಡಲು ಒಂದು ಕೆಲಸ ಸಿಕ್ಕಿದ ಮೇಲೆ ಅಳು ನಿಂತಿತ್ತು. ಗೊತ್ತಿಲ್ಲ ಎನ್ನುವ ಆ ಒಂದು ಮಾತು ಬಾಯಿಗೆ ಬರಲು ನನಗೆ ವರ್ಷಗಳೇ ಹಿಡಿದವು ವಿಸ್ಮಿ. 'ಏನೂ ಆಗುವುದಿಲ್ಲ' ಎಂದು ನಾನೂ ಎಷ್ಟು ಸಲ ಹೇಳಿದ್ದೇನೋ. ಅದು ದುಷ್ಟತನವಲ್ಲ, ಎದುರಿನವರ ಸಂಕಟ ನೋಡಲಾರದೆ ಆಡುವ ಮಾತು.

ಆಸ್ಪತ್ರೆಯಲ್ಲಿ ಜ್ಯೋತ್ಸ್ನಾ ಡಾಕ್ಟರಿಗೆ ಒಂದೇ ಉಸಿರಿನಲ್ಲಿ ವಿಷಯ ಒಪ್ಪಿಸಿದಳು, ಎರಡೂ ಮಾತ್ರೆಯ ಹೆಸರು ಸಮೇತ. ಅಜ್ಜಿ ಸಂಜೆಗೆ ಎದ್ದು ಕೂತು ಆಸ್ಪತ್ರೆಯ ಚಹಾಕ್ಕೆ ಸಕ್ಕರೆ ಸಾಲದೆಂದು ನರ್ಸನ್ನು ಗದರಿಸಿದರಂತೆ. ನಿನ್ನೆ ಮನೆಗೆ ಬಂದವರು ಒಂದು ಗೊನೆ ಕದಳಿ ಬಾಳೆ ಕಳಿಸಿದ್ದಾರೆ. ನಿನ್ನ ಅಮ್ಮ ಅದರಲ್ಲಿ ಅರ್ಧ ಆಗಲೇ ಅಕ್ಕಪಕ್ಕಕ್ಕೆ ಹಂಚಿ ದೊಡ್ಡ ಜನವಾಗಿದ್ದಾಳೆ.

ಇನ್ನೊಂದು ಸುದ್ದಿ ಇದಕ್ಕಿಂತ ಖುಷಿಯದು. ಮುಂದಿನ ತಿಂಗಳು ನಿನ್ನ ಹತ್ತಿರದ ಮಿಜಾರಿನಲ್ಲಿ ಹೊಸಬರಿಗೆ ಇದೇ ತರಬೇತಿ. ಜ್ಯೋತ್ಸ್ನಾ ನನ್ನನ್ನು ಕರೆದಿದ್ದಾಳೆ. ಕಲಿಸಲು ಎಂದು ನಾನು ಎದೆಯುಬ್ಬಿಸಿಕೊಂಡೆ, ಅಲ್ಲವಂತೆ, ರೋಗಿಯಾಗಲು. ಹದಿನೈದು ವರ್ಷದ ಸರ್ವಿಸಿಗೆ ಸಿಕ್ಕಿದ ಬಡ್ತಿ ನೋಡು. ಅಂದು ನಾನು ನಿನ್ನ ರೂಮಿಗೆ ಊಟಕ್ಕೆ ಬರುತ್ತೇನೆ, ನೀನು ಕೆಲಸದಲ್ಲಿದ್ದರೂ ಇಲ್ಲದಿದ್ದರೂ. ಮೀನು ಮಾತ್ರ ನೀನೇ ಮಾಡಬೇಕು, ಹೋಟೆಲಿನದ್ದು ತಂದರೆ ನನಗೆ ಗೊತ್ತಾಗುತ್ತದೆ.

ನಿನ್ನ ಊಟ ತಣಿಯುವ ಮೊದಲು ಮುಗಿಯುವಷ್ಟು ಬಿಡುವು ನಿನಗೆ ಸಿಗಲಿ. ಕಣ್ಣು ಮುಚ್ಚಿದ ಕೂಡಲೇ ನಿದ್ದೆ ಬರಲಿ. ನಾವಿಬ್ಬರು ನಿನಗಾಗಿ ದಿನಾ ಬೇಡುವುದು ಇಷ್ಟೇ.

ನಿನ್ನ
ಅಪ್ಪ
(ಚಿದಾನಂದ)

ತಾ.ಕ.: ಅಂಟಿಸಿದ ಕವರನ್ನು ಪುನಃ ಬಿಡಿಸಿದ್ದೇನೆ. ನಾನು ಕೆಲಸಕ್ಕೆ ಸೇರಿದ ವರ್ಷ ನೀನು ಎರಡನೇ ಕ್ಲಾಸು. ತುಕ್ರಪ್ಪ ಎಂಬ ಅಜ್ಜ ಎದೆ ಹಿಡಿದುಕೊಂಡು ಗಾಡಿ ಹತ್ತಿದರು. "ನೋವು ಕಡಿಮೆಯಾಗಿದೆಯೇ?" ಎಂದು ನಾನು ಹೊಸ ಯೂನಿಫಾರ್ಮಿನ ಗತ್ತಿನಲ್ಲಿ ಕೇಳಿದೆ. "ಹೌದು ಸಾರ್" ಎಂದರು. "ಈಗ ಸಮಾಧಾನವಿದೆಯೇ?" "ಹೌದು ಸಾರ್." ಹಾಗೆಯೇ ಬರೆದುಕೊಂಡೆ, ಅವಸರವಿಲ್ಲ ಎಂದು ಡ್ರೈವರಿಗೂ ಹೇಳಿದೆ. ಬಂಟ್ವಾಳ ತಲುಪುವಾಗ ಅವರ ಉಸಿರು ನಿಂತಿತ್ತು.

ಆ ಸಂಜೆ ನೀನು ಗೇಟಿಗೆ ಓಡಿಬಂದು "ಅಪ್ಪ, ಇವತ್ತು ಯಾರನ್ನು ಬದುಕಿಸಿದ್ದು?" ಎಂದು ಕೇಳಿದೆ. "ಒಬ್ಬ ಅಜ್ಜನನ್ನು" ಎಂದೆ. ಮರುದಿನ ನೀನು ಅದನ್ನು ಇಡೀ ಶಾಲೆಗೆ ಹೇಳಿ ಬಂದೆ. ಆಮೇಲೆ ನೀನು ದಿನಾ ಕೇಳಿದೆ, ನಾನು ದಿನಾ ಒಬ್ಬರನ್ನು ಬದುಕಿಸಿದೆ. ಉಳಿಯದವರನ್ನು ನಾನು ಮನೆಯೊಳಗೆ ತರಲೇ ಇಲ್ಲ. ಅದನ್ನು ನಂಬಿ ನೀನು ಈ ಕೆಲಸಕ್ಕೆ ಬಂದೆ. ಅಪ್ಪನ ಕೈಯಲ್ಲಿ ಒಬ್ಬರೂ ಸಾಯಲಿಲ್ಲ, ನನ್ನ ಕೈಯಲ್ಲಿ ಮಾತ್ರ ಸತ್ತರು ಎಂದು ನೀನು ನವಾಝನ ಹತ್ತಿರ ಹೇಳಿ ಅತ್ತದ್ದು ನನಗೆ ಗೊತ್ತಾಗಿದೆ.

ಆ ಅಜ್ಜ ಬದುಕಲಿಲ್ಲ ಮಗಳೇ. ನಾನು ನಿನಗೆ ಸುಳ್ಳು ಹೇಳಿದ್ದೆ.